ಸೂರ್ಯ ಮುಳುಗುವ ಮೊದಲು ಒಂದು ಸ್ಯಾಂಡ್‌ವಿಚ್

ಕುಕ್ಕುಂದೂರು

ವಿದೇಶಕ್ಕೆ ಹೋಗಿ ಬಂದವರನ್ನು ಊರಿನವರು ಮೊದಲು ಕೇಳುವುದು "ಎಂತೆಲ್ಲ ನೋಡಿದಿರಿ?" ಎಂದು. ನನ್ನನ್ನೂ ಕೇಳಿದರು. ಐರ್ಲೆಂಡಿನಲ್ಲಿ ಮೂರು ವಾರ ಇದ್ದು ಬಂದವನು ನಾನು. ಹಸಿರು ಗುಡ್ಡ, ಕಲ್ಲಿನ ಕೋಟೆ, ಮೈತುಂಬ ಉಣ್ಣೆಯ ಕುರಿಗಳು, ಎಲ್ಲ ನೋಡಿದ್ದೇನೆ, ಫೋಟೋ ಸಹ ಉಂಟು. ಆದರೆ ಮಧ್ಯಾಹ್ನ ಊಟ ಮಾಡಿ ಸ್ವಲ್ಪ ಕಣ್ಣು ಮುಚ್ಚಿದರೆ ಅದು ಯಾವುದೂ ಬರುವುದಿಲ್ಲ. ಬರುವುದು ದಾರಿಯ ನಡುವೆ ಗಲ್ಫಿನ ಒಂದು ಏರ್‌ಪೋರ್ಟಿನಲ್ಲಿ ಅವಸರದಲ್ಲಿ ತೆಗೆದುಕೊಂಡ ಒಂದು ಸ್ಯಾಂಡ್‌ವಿಚ್, ಒಂದು ಕಾಫಿ. ಹಾಗಾಗಿ ಅದನ್ನೇ ಬರೆಯುತ್ತೇನೆ. ಕೋಟೆ ಬೇಕಾದವರು ಮನೆಗೆ ಬಂದು ಫೋಟೋ ನೋಡಲಿ.

ಹೊರಟವರು ನಾವಿಬ್ಬರು. ನಾನು ಅಜಿತ, ಕಾರ್ಕಳದ ಬಸ್‌ಸ್ಟ್ಯಾಂಡಿನ ಹತ್ತಿರ ಮೂವತ್ತು ವರ್ಷ ನೋಟ್‌ಬುಕ್ಕು, ಪೆನ್ನು ಮಾರಿ ಈಗ ಅಂಗಡಿ ಮುಚ್ಚಿ ಕೂತವನು. ಇನ್ನೊಬ್ಬಳು ನನ್ನ ಅಕ್ಕ ಪದ್ಮಾವತಿ. ನನಗಿಂತ ಎಂಟು ವರ್ಷ ದೊಡ್ಡವಳು, ಊರಿನ ಅರ್ಧ ಹೆಂಗಸರಿಗೆ ಹೊಲಿಗೆ ಕಲಿಸಿದವಳು. ನಾವು ಜೈನರು. ನಾನು ಹೆಸರಿಗೆ, ಅಕ್ಕ ಉಸಿರಿಗೆ. ಸೂರ್ಯ ಮುಳುಗಿದ ಮೇಲೆ ಅಕ್ಕ ಒಂದು ಅಗುಳು ಬಾಯಿಗೆ ಹಾಕುವುದಿಲ್ಲ. ಮದುವೆಮನೆಯಲ್ಲಿರಲಿ, ಜ್ವರ ಬಂದಿರಲಿ, ಸಂಜೆಯಾದ ಮೇಲೆ ನೀರು ಮಾತ್ರ. ನಲವತ್ತು ವರ್ಷದಿಂದ ಇದು ನಡೆದು ಬಂದಿದೆ.

ಐರ್ಲೆಂಡಿನಲ್ಲಿ ಇರುವವಳು ಲಿಲ್ಲಿ. ನಮ್ಮ ಮನೆಯ ಆಚೆಯ ಕೊಂಕಣಿ ಕ್ರಿಶ್ಚಿಯನ್ನರ ಮನೆಯ ಮಗಳು, ಅಕ್ಕನ ಜೊತೆ ಒಂದೇ ಬೆಂಚಿನಲ್ಲಿ ಕೂತು ಕಲಿತವಳು. ನರ್ಸಾಗಿ ಹೋದವಳು ಅಲ್ಲೇ ಉಳಿದಳು. ವರ್ಷಕ್ಕೊಮ್ಮೆ ಬರುತ್ತಿದ್ದಳು. ಈಗ ಜಾರಿ ಬಿದ್ದು ಸೊಂಟದ ಆಪರೇಶನ್ ಆದ ಮೇಲೆ ಬರಲು ಆಗುವುದಿಲ್ಲ. "ಪದ್ದೂ, ಈ ಸಲ ನೀನೇ ಬಾ ಮಾರಾಯ್ತಿ" ಎಂದು ಫೋನಿನಲ್ಲಿ ಹೇಳಿದಳು. ಅಕ್ಕ ವ್ರತದ ನೆಪ ಹೇಳಿದಾಗ, "ಇಲ್ಲಿ ಮೇ ಜೂನಿನಲ್ಲಿ ರಾತ್ರಿ ಹತ್ತು ಗಂಟೆಯವರೆಗೆ ಬೆಳಕು ಉಂಟು. ನೀನು ಹತ್ತು ಗಂಟೆಗೂ ಊಟ ಮಾಡಬಹುದು. ಊರಿಗಿಂತ ಲಾಭವೇ ಅಲ್ವಾ?" ಎಂದಳು. ಅಕ್ಕ ನಕ್ಕು ನಕ್ಕು ಒಪ್ಪಿಕೊಂಡಳು.

ಆದರೂ ಅಕ್ಕನಿಗೆ ಅನುಮಾನ. ಹೊರಡುವ ಮೊದಲು ಬಸದಿಯಲ್ಲಿ ಪೂಜೆ ಮಾಡುವ ಇಂದ್ರರನ್ನು ಕೇಳಿದಳು.

"ಅಲ್ಲಿ ಇಲ್ಲಿ ಗಂಟೆ ಬೇರೆ ಬೇರೆ. ನಾನು ಯಾವ ಊರಿನ ಸೂರ್ಯನನ್ನು ಹಿಡಿಯಲಿ?"

"ಕಣ್ಣಿಗೆ ಕಾಣುವ ಸೂರ್ಯನೇ ಸೂರ್ಯ. ಗಡಿಯಾರ ನೋಡಬೇಡಿ" ಎಂದರು ಇಂದ್ರರು.

"ನನ್ನ ಕಣ್ಣಿಗೆ ಎಂತ ಕಾಣ್ತದೆ?" ಎಂದಳು ಅಕ್ಕ. ಅದೂ ನಿಜ. ಅವಳ ಒಂದು ಕಣ್ಣು ಹೋಗಿಯೇ ಹೋಗಿದೆ, ಇನ್ನೊಂದರಲ್ಲಿ ಮಂಜು. ಇಂದ್ರರು ನನ್ನ ಕಡೆ ತಿರುಗಿ, "ತಮ್ಮ ನೋಡಿ ಹೇಳ್ತಾನೆ" ಎಂದರು. ನಾನು ತಲೆ ಆಡಿಸಿದೆ. ಇದೇನು ದೊಡ್ಡ ಕೆಲಸ ಎಂದು ಆಗ ನನಗೆ ಅನಿಸಿತ್ತು.

ಅಕ್ಕನನ್ನು ನೋಡುವ ಮಣಿಪಾಲದ ಡಾಕ್ಟರು ಮಾತ್ರ ನನ್ನನ್ನು ಬೇರೆ ಕರೆದು ಹೇಳಿದ್ದರು: "ಸಕ್ಕರೆ ಕಾಯಿಲೆಯ ಮಾತ್ರೆ ತೆಗೊಂಡು ಊಟ ಬಿಟ್ಟರೆ ಕಷ್ಟ. ಸಕ್ಕರೆ ಇಳಿದು ಎಚ್ಚರ ತಪ್ಪಿ ಬೀಳ್ತಾರೆ. ನೀವು ನೋಡಿಕೊಳ್ಳಬೇಕು." ಅದಕ್ಕೂ ತಲೆ ಆಡಿಸಿದ್ದೆ.

ಮೋಡದ ಮೇಲೆ

ಬೆಳಿಗ್ಗೆ ಮಂಗಳೂರಿನಿಂದ ವಿಮಾನ ಎದ್ದಾಗ ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು, ಮೋಡ ದಾಟಿದ ಮೇಲೆ ಬಿಟ್ಟಳು. ಕೆಳಗೆ ಸಮುದ್ರ ಇತ್ತೋ ಆಕಾಶ ಇತ್ತೋ ಗೊತ್ತಾಗುತ್ತಿರಲಿಲ್ಲ. ಎಲ್ಲ ಒಂದೇ ಬಣ್ಣ. ಎಂಜಿನಿನ ಸದ್ದು ಕೂಡ ಸ್ವಲ್ಪ ಹೊತ್ತಿನಲ್ಲಿ ಸದ್ದು ಅನಿಸುವುದಿಲ್ಲ, ಮಳೆಗಾಲದಲ್ಲಿ ಹಂಚಿನ ಮೇಲೆ ಬೀಳುವ ನೀರಿನ ಹಾಗೆ ಅದೂ ನಿದ್ದೆಗೆ ಸೇರಿಹೋಗುತ್ತದೆ.

ಅರೆನಿದ್ದೆಯಲ್ಲಿ ನನಗೆ ಬಾಲ್ಯದ ಸಂಜೆಗಳು ಬಂದವು. ಅಮ್ಮನದ್ದೂ ಇದೇ ಕಟ್ಟು. ಸೂರ್ಯ ಮುಳುಗಿದರೆ ಅಡುಗೆಮನೆಯ ಬಾಗಿಲು ಹಾಕಿದಂತೆಯೇ, ಮಕ್ಕಳಿಗೂ ಊಟ ಇಲ್ಲ. ನಾನು ಗದ್ದೆಯಲ್ಲಿ ಆಡಿ, ಮೈಯೆಲ್ಲ ಮಣ್ಣು ಮಾಡಿಕೊಂಡು ಓಡಿ ಬರುತ್ತಿದ್ದೆ. ಎಷ್ಟು ತಡವಾದರೂ ಒಂದು ದಿನವೂ ಉಪವಾಸ ಮಲಗಿದ ನೆನಪಿಲ್ಲ. ನಾನು ಮನೆ ಮುಟ್ಟುವವರೆಗೆ ಸೂರ್ಯ ಕಾಯುತ್ತಾನೆ ಎಂದೇ ಆಗ ನಂಬಿದ್ದೆ. ಉಳಿದ ಮಕ್ಕಳಿಗೆ ಹೇಳಿ ಜಂಬ ಕೊಚ್ಚಿಕೊಂಡದ್ದೂ ಉಂಟು.

"ಅಜಿತಾ, ಹಸಿವಾಗ್ತದೆ. ಚೀಲ ತೆಗಿ" ಎಂದಳು ಅಕ್ಕ.

ಚೀಲ! ಚಪಾತಿ, ಅವಲಕ್ಕಿ, ಹೆಸರಿಟ್ಟಿನ ಉಂಡೆ, ಎರಡು ಹೊತ್ತಿಗೆ ಸಾಕಾಗುವಷ್ಟು ಅಕ್ಕನೇ ಮಾಡಿ ಕಟ್ಟಿದ ಚೀಲ. ಚಟ್ನಿಪುಡಿ ನೋಡಿದರೆ ಸೆಕ್ಯೂರಿಟಿಯವರು ತೆಗೆದು ಬಿಸಾಡುತ್ತಾರೆ ಎಂದು ಯಾರೋ ಬುದ್ಧಿವಂತರು ಹೇಳಿದ್ದನ್ನು ಕೇಳಿ, ನಾನು ಚಟ್ನಿಪುಡಿಯ ಜೊತೆಗೆ ಚೀಲವನ್ನೇ ದೊಡ್ಡ ಸೂಟ್‌ಕೇಸಿಗೆ ತುರುಕಿ ಕಳಿಸಿಬಿಟ್ಟಿದ್ದೆ. ಅದೀಗ ನಮ್ಮ ಕಾಲಿನ ಕೆಳಗೆ ಎಲ್ಲೋ ಇತ್ತು.

"ನೀನು ಅಂಗಡಿ ಹೇಗೆ ನಡೆಸಿದಿ ಮಾರಾಯ?" ಎಂದಳು ಅಕ್ಕ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಎರಡನೆಯ ವಿಮಾನದಲ್ಲಿ ಜೈನರ ಊಟ ಹೇಳಿಟ್ಟಿದ್ದೆವು. ಅದು ಮಧ್ಯಾಹ್ನ ಎರಡಕ್ಕೆ ಹೊರಡುವುದು, ಅಷ್ಟರವರೆಗೆ ತಡೆಯಬಹುದು ಎಂದು ಅವಳೇ ನನಗೆ ಸಮಾಧಾನ ಹೇಳಿದಳು.

ಗಾಜಿನ ಊರು

ಆ ಏರ್‌ಪೋರ್ಟನ್ನು ಹೇಗೆ ಹೇಳಲಿ? ಒಂದು ಇಡೀ ಊರನ್ನು ಗಾಜಿನ ಭರಣಿಯೊಳಗೆ ಇಟ್ಟ ಹಾಗೆ ಇತ್ತು. ಹೊರಗೆ ಬಿಸಿಲು ಕುದಿಯುತ್ತಿದೆ, ಒಳಗೆ ನಾವು ಶಾಲು ಹೊದ್ದು ಕೂತಿದ್ದೇವೆ. ನಿಂತಲ್ಲೇ ನಿಂತರೂ ನೆಲ ನಮ್ಮನ್ನು ಮುಂದಕ್ಕೆ ಒಯ್ಯುತ್ತದೆ. ಅದರ ಮೇಲೆ ಕಾಲಿಡಲು ಅಕ್ಕ ಹತ್ತು ನಿಮಿಷ ಯೋಚಿಸಿದಳು. ಹತ್ತಿದ ಮೇಲೆ ಮಾತ್ರ, "ನಮ್ಮ ಆನೆಕೆರೆಯಲ್ಲಿ ದೋಣಿಯಲ್ಲಿ ಹೋದ ಹಾಗೆ ಆಗ್ತದೆ" ಎಂದು ಇನ್ನೊಂದು ಸಲ ಹೋಗೋಣ ಅಂದಳು. ಹೋದೆವು. ಎರಡು ಸಲ ಹೋದೆವು.

ಅಲ್ಲಿ ಜನ ಎಲ್ಲೆಂದರಲ್ಲಿ ಮಲಗುತ್ತಾರೆ. ಕೋಟು ಹಾಕಿದ ದೊಡ್ಡ ಮನುಷ್ಯರು ಕೂಡ ಬ್ಯಾಗನ್ನು ತಲೆಯಡಿ ಇಟ್ಟು ನೆಲದಲ್ಲೇ ಮಲಗಿದ್ದರು, ಯಾರಿಗೂ ನಾಚಿಕೆಯಿಲ್ಲ. ಎಚ್ಚರ ಇರುವವರು ನಿಂತುಕೊಂಡೇ ತಿನ್ನುತ್ತಾರೆ, ನಡೆಯುತ್ತಲೇ ಕಾಫಿ ಕುಡಿಯುತ್ತಾರೆ. ಪಕ್ಕದಲ್ಲಿ ಕೂತವನು ಗೋಣಿಯಷ್ಟು ದೊಡ್ಡ ಪೊಟ್ಟಣ ಬಿಡಿಸಿ ತಿಂದ, ನಮ್ಮ ಮುಖವನ್ನೂ ನೋಡಲಿಲ್ಲ. ನಮ್ಮಲ್ಲಾದರೆ ಬಸ್ಸಿನಲ್ಲಿ ಕಡಲೆ ಬಿಡಿಸುವವನು ಕೂಡ ಪಕ್ಕದವನಿಗೆ ಒಮ್ಮೆ "ಬೇಕಾ?" ಎನ್ನುತ್ತಾನೆ. ಪಕ್ಕದವನು "ಬೇಡ ಬೇಡ, ಈಗ ಆಯ್ತು" ಎನ್ನುತ್ತಾನೆ. ಇಬ್ಬರದ್ದೂ ಸುಳ್ಳೇ, ಆದರೂ ಅದಾದ ಮೇಲೆ ತಿನ್ನುವುದು ಸಲೀಸು.

ಅಕ್ಕ ಒಂದು ಗಂಟೆಗೆ ಮಾತ್ರೆ ನುಂಗಿದಳು, ಎರಡು ಗಂಟೆಗೆ ಊಟ ಸಿಗುತ್ತದೆ ಎಂಬ ಲೆಕ್ಕದಲ್ಲಿ. ಎರಡಕ್ಕೆ ವಿಮಾನ ಬರಲಿಲ್ಲ. ಇನ್ನು ಅರ್ಧ ಗಂಟೆ ಎಂದರು. ಮತ್ತೆ ಅರ್ಧ ಗಂಟೆ ಎಂದರು. ಒಮ್ಮೆಲೇ ಐದು ಗಂಟೆ ತಡ ಎಂದು ಹೇಳಿದ್ದರೆ ಮನುಷ್ಯ ಏನಾದರೂ ಮಾಡುತ್ತಾನೆ. ಅರ್ಧರ್ಧ ಗಂಟೆಯನ್ನು ನಂಬಿಕೊಂಡು ನಾವು ಕೂತೇ ಇದ್ದೆವು. ಮೂರು ಗಂಟೆಗೆ ಎರಡು ಬಾಳೆಹಣ್ಣು ತಂದುಕೊಟ್ಟೆ. ತಿಂದಳು. ಬೇರೆ ಎಂತಾದರೂ ತರಲಾ ಎಂದರೆ, "ಬೇಡ, ಇಲ್ಲಿ ಎಂತದಕ್ಕೆ ಎಂತ ಹಾಕ್ತಾರೋ. ವಿಮಾನದ ಊಟ ಬರ್ತದಲ್ಲ" ಎಂದಳು.

ನಾವು ಕೂತದ್ದು ಪಶ್ಚಿಮದ ಗಾಜಿಗೆ ತಾಗಿ. ಬಿಸಿಲು ನೆಲದ ಮೇಲೆ ಮೆಲ್ಲನೆ ಜರಗುತ್ತಾ ಅಕ್ಕನ ಪಾದ ಮುಟ್ಟಿತು, ಆಮೇಲೆ ಮಡಿಲಿಗೆ ಹತ್ತಿತು. ಅವಳು ಅಂಗೈ ಬಿಡಿಸಿ ಅದನ್ನು ಹಿಡಿದುಕೊಂಡು ಕೂತಳು. ದೂರದಲ್ಲಿ ವಿಮಾನಗಳು ಸದ್ದಿಲ್ಲದೆ ಏಳುತ್ತಿದ್ದವು, ಇಳಿಯುತ್ತಿದ್ದವು. ಯಾರೋ ಹೆಂಗಸು ಧ್ವನಿವರ್ಧಕದಲ್ಲಿ ಕೇಳದ ಊರುಗಳ ಹೆಸರನ್ನು ಜೋಗುಳದ ಹಾಗೆ ಹೇಳುತ್ತಿದ್ದಳು. ನನಗೆ ಮಂಪರು ಹತ್ತಿತು.

ಎಚ್ಚರಾದಾಗ ಅಕ್ಕ ನನ್ನ ತೋಳು ಹಿಡಿದಿದ್ದಳು. ಕೈ ಸಣ್ಣಗೆ ನಡುಗುತ್ತಿತ್ತು, ಹಣೆಯಲ್ಲಿ ಬೆವರು.

"ತಲೆ ಒಂದು ನಮೂನೆ ಆಗ್ತದೆ ಅಜಿತಾ. ಬಿಸಿ ಕಾಫಿ ಸಿಕ್ತದಾ? ತಿನ್ನಲಿಕ್ಕೂ ಎಂತಾದರೂ ತಾ. ಸೂರ್ಯ ಎಲ್ಲಿದ್ದಾನೆ?"

ನೋಡಿದೆ. ದಿಗಂತದಲ್ಲಿ ಧೂಳಿನ ಕಂದು ಪಟ್ಟಿ. ಅದರ ಮೇಲೆ ಸೂರ್ಯ, ಎರಡು ಬೆರಳಿನಷ್ಟು ಎತ್ತರದಲ್ಲಿ. ಇದು ತಪ್ಪಿದರೆ ಮರುದಿನ ಬೆಳಗಿನವರೆಗೆ ಅಕ್ಕ ಏನೂ ತಿನ್ನುವುದಿಲ್ಲ. ನಾನು ಎದ್ದು ಓಡಿದೆ.

ಕಾಫಿ ಅಂಗಡಿ

ಅರವತ್ತೆರಡರ ಓಟ ಎಂದರೆ ಏನೆಂದು ಗೊತ್ತಲ್ಲ, ಮನಸ್ಸು ಮುಂದೆ, ಮೊಣಕಾಲು ಹಿಂದೆ. ಹತ್ತಿರದ ಕಾಫಿ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಸ್ಯಾಂಡ್‌ವಿಚ್ಚುಗಳು ಸಾಲಾಗಿ ಕೂತಿದ್ದವು. ಒಂದರಲ್ಲಿ ಕೋಳಿ, ಒಂದರಲ್ಲಿ ಮೀನು. ತರಕಾರಿಯದ್ದು ಎಂದು ಬರೆದದ್ದರಲ್ಲಿ ಈರುಳ್ಳಿ, ಆಲೂಗಡ್ಡೆ, ಮೇಲಿಂದ ಮೊಟ್ಟೆ ಹಾಕಿದ ಬಿಳಿ ಸಾಸು. ಅಕ್ಕನಿಗೆ ಗೆಡ್ಡೆ ಬೇರು ಯಾವುದೂ ಆಗದು. ಈರುಳ್ಳಿ ತೆಗೆದುಕೊಡುತ್ತೇನೆ ಎಂದಳು ಅಲ್ಲಿದ್ದ ಹುಡುಗಿ. ತೆಗೆದರೆ ಆಗುತ್ತದಾ?

"ದಾನೆ ಮಲ್ಪುನಿ ದೇವೆರೇ" ಎಂದು ನನ್ನ ಬಾಯಿಯಿಂದ ತುಳು ಬಂದುಬಿಟ್ಟಿತು. ಏನು ಮಾಡಲಿ ದೇವರೇ ಎಂದು.

ಒಳಗೆ ಬ್ರೆಡ್ ಕೊಯ್ಯುತ್ತಿದ್ದವನು ತಟ್ಟನೆ ತಲೆ ಎತ್ತಿದ. "ಊರು ಓಲು?" ಎಂದು ತುಳುವಿನಲ್ಲೇ ಕೇಳಿದ. ಮುಂದಿನ ಮಾತೆಲ್ಲ ತುಳುವೇ, ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕಾರ್ಕಳ."

"ಕಾರ್ಕಳದಲ್ಲಿ ಎಲ್ಲಿ?"

"ಕುಕ್ಕುಂದೂರು."

"ಹೌದಾ! ನನ್ನದು ಕಾಪು. ಲೈಟ್‌ಹೌಸಿನ ಹತ್ತಿರವೇ ಮನೆ. ನನ್ನ ಚಿಕ್ಕಮ್ಮನನ್ನು ಕುಕ್ಕುಂದೂರಿಗೇ ಕೊಟ್ಟದ್ದು. ನಿಮ್ಮದು ಯಾರ ಮನೆ ಆಯ್ತು?"

ಈಗ ಹೇಳಿ, ನಮ್ಮ ಕಡೆಯವನು "ಯಾರ ಮನೆ" ಎಂದು ಕೇಳಿದ ಮೇಲೆ ಉತ್ತರ ಕೊಡದೆ ಇರಲು ನಮ್ಮ ಕಡೆಯವನಿಗೆ ಆಗುತ್ತದೆಯೇ? ಭೂಮಿ ಬಾಯಿಬಿಟ್ಟರೂ ಆ ಪ್ರಶ್ನೆಗೆ ಉತ್ತರ ಹೇಳಿಯೇ ಒಳಗೆ ಬೀಳುತ್ತೇವೆ. ನಾನು ಮನೆ ಹೇಳಿದೆ. ಅವನು ಚಿಕ್ಕಮ್ಮನ ಗಂಡನ ಹೆಸರು ಹೇಳಿದ. ಅಯ್ಯೋ, ಅವರು ನನ್ನ ಅಂಗಡಿಗೆ ಬರುತ್ತಿದ್ದವರೇ ಎಂದೆ. ಅವರ ಮಗಳಿಗೆ ಮದುವೆ ಆಯ್ತಾ ಎಂದೂ ಕೇಳಿದೆ. ಕೇಳಿದವನು ನಾನೇ! ಆಯಿತಂತೆ, ಬೆಳ್ಮಣ್ಣಿಗೆ.

ಆಮೇಲೆ ನೆನಪಾಗಿ ಅಕ್ಕನ ವಿಷಯ ಹೇಳಿದೆ. ಅವನ ಹೆಸರು ಸುಧಾಕರ. ಅವನ ಮುಖವೇ ಬದಲಾಯಿತು.

"ಬಸದಿಯವರಾ ನೀವು? ಹಾಗಾದರೆ ಈ ಚೂರಿ ಬೇಡ, ಇದು ಕೋಳಿ ಕೊಯ್ದದ್ದು. ನಿಲ್ಲಿ. ನಮ್ಮದು ಮೀನಿನ ಮನೆ, ಆದರೆ ಎದುರು ಒಬ್ಬರು ಜೈನ ಮೇಷ್ಟ್ರು ಇದ್ದರು. ಅವರಿಗೆ ಬಾಳೆಹಣ್ಣು ಕೊಡುವಾಗಲೂ ಅಮ್ಮ ಕೈ ತೊಳೆದು ಬಂದು ಕೊಡ್ತಿದ್ದಳು."

ಅವನು ಕೈಗವಸು ಬಿಚ್ಚಿ ಬಿಸಾಡಿದ. ಕೈಯನ್ನು ಮೊಣಕೈವರೆಗೆ ತೊಳೆದ. ಹೊಸ ಚೂರಿ ತಂದ, ಅದನ್ನೂ ತೊಳೆದ. ಹಲಗೆ ಬದಲಾಯಿಸಿದ. ಸೌತೆಕಾಯಿ, ಟೊಮೆಟೊ, ಚೀಸ್ ಇಟ್ಟು, ಬಿಸಿ ಮಾಡುವ ಯಂತ್ರದ ಮೇಲೆ ಹಾಳೆ ಹಾಸಿ ಬ್ರೆಡ್ಡು ಇಟ್ಟ. ಎದುರಿನ ಸೆಂಟಿನ ಅಂಗಡಿಯ ಗಾಜಿನಲ್ಲಿ ನನಗೆ ಸೂರ್ಯನ ಬಿಂಬ ಕಾಣುತ್ತಿತ್ತು. ಅದು ಇಷ್ಟಿಷ್ಟೇ ಕೆಳಗಿಳಿಯುತ್ತಿತ್ತು. "ಬೇಗ ಮಾಡು ಸುಧಾಕರ" ಎನ್ನಲು ಬಾಯಿ ಬರಲಿಲ್ಲ. ಅಷ್ಟು ಭಕ್ತಿಯಿಂದ ಮಾಡುವವನಿಗೆ ಹೇಗೆ ಹೇಳುವುದು? ಇನ್ನೆರಡು ಬಾಳೆಹಣ್ಣು ಹಿಡಿದುಕೊಂಡು ಓಡಿದ್ದರೆ ಕೆಲಸ ಆಗುತ್ತಿತ್ತು ಎಂದು ಈಗ ಅನಿಸುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ಅಕ್ಕನಿಗೆ ಹೇಳಿ, ಕಾಪುವಿನವನು ಮಾಡಿದ್ದು ಅಂತ" ಎಂದು ಪೊಟ್ಟಣವನ್ನೂ ಕಾಫಿಯನ್ನೂ ಕೊಟ್ಟ. ನಾನು ತಿರುಗಿ ನೋಡಿದಾಗ ಸೆಂಟಿನ ಅಂಗಡಿಯ ಗಾಜಿನಲ್ಲಿ ಬಾಟಲಿಗಳು ಮಾತ್ರ ಇದ್ದವು.

ಗೇಟಿನಲ್ಲಿ

ನಾನು ಮುಟ್ಟುವಾಗ ನಮ್ಮ ವಿಮಾನಕ್ಕೆ ಕೊನೆಯ ಕರೆ ಆಗಿತ್ತು. ಜನರೆಲ್ಲ ಒಳಗೆ ಹೋಗಿಯಾಗಿದೆ. ಅಕ್ಕ ಒಬ್ಬಳೇ ಗಾಜಿನ ಹತ್ತಿರ ಕೂತಿದ್ದಾಳೆ, ಅಂಗೈ ಇನ್ನೂ ಬಿಡಿಸಿಕೊಂಡೇ ಇದೆ. ಹೊರಗೆ ಆ ಕಂದು ಧೂಳಿನ ಪಟ್ಟಿ. ಸೂರ್ಯ ಅದರೊಳಗೆ ಇಳಿದು ಹೋಗಿದ್ದ, ಕುರುಹೂ ಇರಲಿಲ್ಲ.

"ಬಂದೆಯಾ? ಸೂರ್ಯ ಉಂಟಾ?"

ನಲವತ್ತು ವರ್ಷದ ವ್ರತ ಒಂದು ಕಡೆ. ನಡುಗುವ ಆ ಕೈ ಒಂದು ಕಡೆ. ಇಂದ್ರರು ನೆನಪಾದರು, ಡಾಕ್ಟರು ನೆನಪಾದರು, ಇಬ್ಬರಿಗೂ ತಲೆ ಆಡಿಸಿದ್ದು ನೆನಪಾಯಿತು.

"ಉಂಟು ಅಕ್ಕ. ತಿನ್ನು, ಬೇಗ ತಿನ್ನು."

"ಎಲ್ಲಿ ಉಂಟು?"

"ಅಗೋ, ಆ ವಿಮಾನದ ಬಾಲದ ಹಿಂದೆ."

ಅಕ್ಕ ಪೊಟ್ಟಣ ಬಿಡಿಸಿದಳು. ಬಿಸಿ ಬ್ರೆಡ್ಡಿನ ಪರಿಮಳ ಬಂತು. ಬಾಯಿಯವರೆಗೆ ಒಯ್ದಳು. ಅಲ್ಲಿಗೇ ನಿಲ್ಲಿಸಿ, ತಿರುಗಿ ಪೊಟ್ಟಣ ಮಡಚಿದಳು.

"ಸುಳ್ಳು ಹೇಳುವಾಗ ನಿನ್ನ ಸ್ವರ ಅಪ್ಪನ ಸ್ವರದ ಹಾಗೆ ಆಗ್ತದೆ" ಎಂದಳು, ಮೆಲ್ಲಗೆ. "ಸಣ್ಣದಿರುವಾಗ ನೀನು ಗದ್ದೆಯಿಂದ ತಡ ಮಾಡಿ ಬರ್ತಿದ್ದಿ. ನಾನು ಜಗಲಿಯಲ್ಲಿ ನಿಂತು, 'ಅಮ್ಮಾ, ಸೂರ್ಯ ಇನ್ನೂ ಉಂಟು, ತೆಂಗಿನ ಮರದ ಹಿಂದೆ ಉಂಟು' ಅಂತಿದ್ದೆ. ಅಮ್ಮ ಒಲೆಯ ಹತ್ತಿರದಿಂದ ಎದ್ದು ನೋಡ್ತಿರಲಿಲ್ಲ, ನನ್ನ ಮಾತು ನಂಬಿ ನಿನಗೆ ಬಡಿಸ್ತಿದ್ದಳು. ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಲ್ಲ. ಆ ಪಾಪ ಕಳೆಯಲಿಕ್ಕೇ ಈ ವ್ರತ ಹಿಡಿದದ್ದು ಅಂತ ಇಟ್ಟುಕೋ. ಈಗ ನೀನು ಹೊಸತಾಗಿ ಶುರು ಮಾಡಬೇಡ."

ನನಗೆ ಅಳು ಬಂತು. ಅರವತ್ತೆರಡು ವರ್ಷದ ಗಂಡಸು, ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡು, ಆ ಗಾಜಿನ ಊರಿನ ನಡುವೆ ಅತ್ತೆ. "ಡಾಕ್ಟರು ಹೇಳಿದ್ದಾರೆ ಅಕ್ಕ, ನೀನು ಬಿದ್ದರೆ?" ಎಂದೆ.

"ಬಿದ್ದರೆ ಎತ್ತಲಿಕ್ಕೆ ನೀನಿದ್ದೀಯಲ್ಲ. ನಡಿ, ಗೇಟಿನ ಹುಡುಗಿ ಕರೀತಾಳೆ."

ಮತ್ತೆ ಮೇಲೆ

ನಾವು ಕೂತ ಕೂಡಲೇ ಬಾಗಿಲು ಹಾಕಿದರು. ಅಷ್ಟು ತಡ ಮಾಡಿದ ವಿಮಾನಕ್ಕೆ ಈಗ ಎಲ್ಲಿಲ್ಲದ ಅವಸರ. ಅಕ್ಕನ ಮನಸ್ಸು ಬದಲಾದರೂ ಆದೀತು ಎಂದು ಊಟದ ಹೊತ್ತು ಕೇಳಿದರೆ, ಇನ್ನೂ ಒಂದು ಗಂಟೆಯ ಮೇಲೆ ಎಂದಳು ವಿಮಾನದ ಹುಡುಗಿ. ಅಕ್ಕ ಕಿಟಕಿಯ ಪಕ್ಕ ಕಣ್ಣು ಮುಚ್ಚಿ ಒರಗಿದ್ದಳು. ತುಟಿ ಬಿಳಿಚಿತ್ತು. ಸ್ಯಾಂಡ್‌ವಿಚ್ ನನ್ನ ತೊಡೆಯ ಮೇಲೆ, ಮುಚ್ಚಳ ಹಾಕಿದ ಕಾಫಿ ಕೈಯಲ್ಲಿ. ಎಚ್ಚರ ತಪ್ಪಿದರೆ ಬಾಯಿಗೆ ಸಕ್ಕರೆ ಹಾಕಿಯೇ ಬಿಡುತ್ತೇನೆ, ಪಾಪ ನನಗೇ ಬರಲಿ ಎಂದು ಗಟ್ಟಿ ಮಾಡಿಕೊಂಡೆ.

ವಿಮಾನ ಎದ್ದಿತು. ಕೆಳಗೆ ದೀಪಗಳು ಹತ್ತಿಕೊಳ್ಳುತ್ತಿದ್ದವು. ಧೂಳಿನೊಳಗೆ ಹೊಕ್ಕಾಗ ಕಿಟಕಿಯ ಹೊರಗೆ ಎಲ್ಲ ಬೂದಿಬಣ್ಣ. ನಾವು ಏರುತ್ತಲೇ ಇದ್ದೆವು. ಬೂದಿಬಣ್ಣ ತೆಳುವಾಯಿತು, ಅದಕ್ಕೆ ಸ್ವಲ್ಪ ಅರಸಿನ ಸೇರಿತು, ಆಮೇಲೆ ಕುಂಕುಮ. ವಿಮಾನ ಪಶ್ಚಿಮಕ್ಕೆ ವಾಲಿತು. ಆಗ ಧೂಳಿನ ಅಂಚಿನಿಂದ ಒಂದು ಕೆಂಪು ಗೆರೆ ಮೂಡಿತು. ಗೆರೆ ಬಾಗಿತು, ದಪ್ಪವಾಯಿತು. ಮುಳುಗಿದ ಸೂರ್ಯ ಮುಳುಗಿದಲ್ಲಿಂದಲೇ ಏಳುತ್ತಿದ್ದ. ನಾನು ಕನಸು ಕಾಣುತ್ತಿದ್ದೇನೆ ಎಂದುಕೊಂಡೆ. ಕಣ್ಣು ಉಜ್ಜಿದೆ. ಇಡಿಯ ಬಿಂಬ ಮೇಲೆ ಬಂದು, ಅಕ್ಕನ ಬಿಳಿ ಕೂದಲಿನ ಮೇಲೆ ಬೆಳಕು ಬಿತ್ತು.

"ಅಕ್ಕ. ಸೂರ್ಯ."

"ಸಾಕು ಅಜಿತಾ" ಎಂದಳು, ಕಣ್ಣು ತೆರೆಯದೆ.

"ಇಲ್ಲ ಅಕ್ಕ, ನಾವು ಮೇಲೆ ಬಂದೆವಲ್ಲ, ಹಾಗೆ ಮತ್ತೆ ಕಾಣ್ತಾನೆ. ಸೂರ್ಯ ಉಂಟು. ಪೂರ್ತಿ ಉಂಟು."

ಅಕ್ಕ ಕಣ್ಣು ತೆರೆದಳು. ಕಿಟಕಿಯ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದಳು. "ಇನ್ನೊಂದು ಸಲ ಹೇಳು" ಎಂದಳು.

"ಸೂರ್ಯ ಉಂಟು ಅಕ್ಕ."

"ಹ್ಞಾಂ. ಇದು ನಿನ್ನದೇ ಸ್ವರ" ಎಂದು ಕೈ ಚಾಚಿದಳು.

ಪೊಟ್ಟಣ ಬಿಡಿಸಿ ಕೊಟ್ಟೆ. ಬ್ರೆಡ್ಡು ತಣ್ಣಗಾಗಿ ಚರ್ಮದ ಹಾಗೆ ಆಗಿತ್ತು. ಅಕ್ಕ ಅದನ್ನು ಮುರಿದು, ಸಣ್ಣ ತುಂಡು ನನಗೆ ಕೊಟ್ಟು, ಉಳಿದದ್ದನ್ನು ಮೆಲ್ಲಗೆ ಅಗಿದಳು. ಕಾಪುವಿನವನು ಮಾಡಿದ್ದು, ಕೈ ತೊಳೆದು, ಚೂರಿ ತೊಳೆದು ಎಂದು ಹೇಳಿದೆ. "ಒಳ್ಳೆದಾಗಲಿ ಅವನಿಗೆ" ಎಂದಳು. ಕಾಫಿ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದಳು: "ಇದೆಂತ ಕಾಫಿ ಮಾರಾಯ, ಬಾಣಂತಿ ಕಷಾಯದ ಹಾಗೆ ಉಂಟು." ಆದರೂ ಬಿಡಲಿಲ್ಲ. ಎರಡು ತುತ್ತಿಗೊಮ್ಮೆ "ಇನ್ನೂ ಉಂಟಾ?" ಎಂದು ಕೇಳುವಳು. ನಾನು ನೋಡಿ "ಉಂಟು" ಎನ್ನುವೆ. ಅವನು ನಮ್ಮ ರೆಕ್ಕೆಯ ತುದಿಗೆ ಸರಿಯಾಗಿ, ಮೇಲೆ ಹೋಗದೆ ಕೆಳಗೆ ಇಳಿಯದೆ, ಬಹಳ ಹೊತ್ತು ಹಾಗೆಯೇ ಇದ್ದ.

ಕೊನೆಯ ಗುಟುಕು ಮುಗಿಯಿತು. ಕೈಯ ನಡುಕ ನಿಂತಿತ್ತು. ಅಕ್ಕ ಕಾಗದ ಮಡಚಿ, ಬಾಯಿ ಒರೆಸಿ, ಬೆಳಕು ಬಿದ್ದ ಗಾಜಿಗೆ ಅಂಗೈ ಇಟ್ಟಳು.

"ಇನ್ನೂ ಉಂಟಾ?"

"ಉಂಟು."

"ಆಯ್ತು, ನನ್ನದಾಯ್ತು. ಇನ್ನು ಅವನು ಹೋಗಲಿ ಪಾಪ. ಎಷ್ಟು ಹೊತ್ತು ಅಂತ ಕಾಯುವುದು ಅವನು ಸಹ."